ಎದ್ದು ನಿಲ್ಲುವ ಎಣಿಕೆ

ರಾಜಕಾರಣಿಯೊಬ್ಬ ತನ್ನ ಪ್ರಬಂಧ ಓದಿದ್ದಾನೆ ಎಂದು ತಿಳಿದ ದಿನ ಲೆಕ್ಕದಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವರು ಬರೆದದ್ದನ್ನು ಯಾರು ಓದುತ್ತಾರೆ? ಬರೆದವರು ಓದುತ್ತಾರೆ, ತಪ್ಪು ಹುಡುಕಲು ನೇಮಕವಾದವರು ಓದುತ್ತಾರೆ, ಅಲ್ಲಿಗೆ ಮುಗಿಯಿತು. ಅಂಥದ್ದರಲ್ಲಿ ಆಳುವ ಪಕ್ಷದ ಮುಖ್ಯ ಸಚೇತಕರ ಕಚೇರಿಯಿಂದಲೇ ಫೋನು ಬಂದಿತ್ತು. "ಸಾಹೇಬರು ನಿಮ್ಮ ಲೇಖನ ಎರಡೆರಡು ಸಲ ಓದಿದ್ದಾರೆ ಮೇಡಂ. ಒಂದು ಕಪ್ ಚಹಾಕ್ಕೆ ಬರಬೇಕಂತೆ."

ಲೆಕ್ಕದಮ್ಮ ಎಂಬ ಹೆಸರು ಅವಳಿಗೆ ಇಟ್ಟದ್ದು ಶಾಸನಸಭೆಯಲ್ಲಿ ಅದೇ ಆಳುವ ಪಕ್ಷದ ಹಳೆಯ ಸದಸ್ಯರೊಬ್ಬರು. ಅವರಿಗೂ ಒಂದು ಅಡ್ಡಹೆಸರಿತ್ತು, ಕಂಡಕ್ಟರ್. ರಾಜಕೀಯಕ್ಕೆ ಬರುವ ಮೊದಲು ಅವರು ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದರು. ನಾಲ್ಕು ಸಲ ಗೆದ್ದು ಬಂದರೂ ಆ ಹೆಸರು ಅವರನ್ನು ಬಿಡಲಿಲ್ಲ, ಬಿಡಲಿ ಎಂದು ಅವರು ಬಯಸಲೂ ಇಲ್ಲ. ವಿದ್ಯಾರ್ಥಿನಿಯಾಗಿದ್ದಾಗ ಅವಳು ಒಬ್ಬೊಬ್ಬ ಸದಸ್ಯರ ಬಾಗಿಲಲ್ಲೂ ಸಂದರ್ಶನಕ್ಕೆ ಕಾದು ಕಾದು ಸುಣ್ಣವಾಗಿದ್ದಾಗ, ಒಳಗೆ ಕರೆದು ಕುರ್ಚಿ ಕೊಟ್ಟವರು ಅವರೊಬ್ಬರೇ. ಸದನದಲ್ಲಿ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ, ಯಾರ ಜಗಳ ಬರೀ ತೋರಿಕೆಯದು, ಯಾರದು ನಿಜವಾದದ್ದು, ಎಲ್ಲ ಕಲಿಸಿದವರೂ ಅವರೇ. ಅವಳು ಅವರನ್ನು ಅಣ್ಣ ಎನ್ನುತ್ತಿದ್ದಳು, ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದಳು. ಹಾಗೆಯೇ ವರ್ಷಗಳು ಉರುಳಿದ್ದವು.

ಇನ್ನು ಸಚೇತಕ ಎಂದರೆ ಪಕ್ಷದ ಮಂದೆ ಕಾಯುವವನು. ಮತ ಎಣಿಸುವ ಹೊತ್ತಿಗೆ ತನ್ನ ಕಡೆಯ ಒಂದು ತಲೆಯೂ ತಪ್ಪದಂತೆ ನೋಡಿಕೊಳ್ಳುವುದು ಅವನ ಕೆಲಸ. ಅವನ ಆಜ್ಞೆ ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ, ಸಭಾಂಗಣದ ಒಳಗಿದ್ದೂ ಮತ ಹಾಕದೆ ಕೂತರೂ ಹೋಗುತ್ತದೆ. ಕಾನೂನೇ ಹಾಗಿತ್ತು. ಗಂಟೆ ಬಾರಿಸಿ ಬಾಗಿಲು ಹಾಕುವಾಗ ಹೊರಗೆ ಉಳಿದವರಿಗೆ ಮಾತ್ರ ಏನೋ ಒಂದು ನೆಪ ಹೇಳಿ ಪಾರಾಗಲು ಸಂದಿ ಇತ್ತು.

ಲೆಕ್ಕದಮ್ಮನ ಸಂಶೋಧನೆ ಕೂತದ್ದು ಈ ಸಂದಿಯ ಮೇಲೆಯೇ. ಪಕ್ಷದ ಮೇಲೆ ಮುನಿಸಿಕೊಂಡವರು ವಿರುದ್ಧ ಮತ ಹಾಕಲಾರರು, ಬಾಯಿಬಿಟ್ಟು ಹೇಳಲೂ ಆರರು. ಆದ್ದರಿಂದ ಅವರು ಗಂಟೆ ಬಾರಿಸುವ ಹೊತ್ತಿಗೆ ಮೆಲ್ಲಗೆ ಎದ್ದು ಹೊರಗೆ ಹೋಗುತ್ತಾರೆ ಎಂಬುದು ಅವಳ ಊಹೆ. ಯಾರು ಎಷ್ಟು ಸಲ ಹೋದರು, ಯಾವ ಮಸೂದೆಗೆ ಹೋದರು ಎಂದು ವರ್ಷಗಟ್ಟಲೆ ಕೂಡಿಸಿ ಒಂದು ಅಳತೆ ಕಟ್ಟಿದ್ದಳು. ಸದಸ್ಯರಿಗೆ ಹೆಸರಿನ ಬದಲು ಸಂಖ್ಯೆ ಕೊಟ್ಟಿದ್ದಳು. ಯಾರನ್ನೂ ಯಾಕೆ ಹೋದಿರಿ ಎಂದು ಕೇಳಿರಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾರೆ, ಆದ್ದರಿಂದ ಕೇಳಬಾರದು ಎಂಬುದು ಅವಳ ವಿಧಾನದ ಬುನಾದಿ. ಅದನ್ನು ಅವಳು ಹೆಮ್ಮೆಯಿಂದಲೇ ಬರೆದುಕೊಂಡಿದ್ದಳು.

ಅವಳ ಕೋಷ್ಟಕದ ತುತ್ತತುದಿಯಲ್ಲಿದ್ದದ್ದು ಕಂಡಕ್ಟರ್. ಅದು ಅವಳಿಗೆ ಗೊತ್ತಿತ್ತು. ಲೆಕ್ಕ ಹಾಗೆ ಬಂದಾಗ ಅವಳಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಅಣ್ಣ ಇಷ್ಟು ದಿನ ತನ್ನಿಂದಲೂ ಮುಚ್ಚಿಟ್ಟರಲ್ಲ ಎಂದು ಸ್ವಲ್ಪ ಮುನಿಸು, ಅದರ ಹಿಂದೆಯೇ ಅವರಲ್ಲೂ ಒಂದು ಕಿಚ್ಚಿದೆಯಲ್ಲ ಎಂಬ ಅಭಿಮಾನ. ಅವರ ಮನೆಯ ಸೋಫಾದಲ್ಲಿ ಕೂತು ಚಹಾ ಕುಡಿದು ಬಂದಿದ್ದಳು. ಆಗಲೂ ಕೇಳಿರಲಿಲ್ಲ.

ಸಚೇತಕ ಸಣ್ಣ ಆಳು, ಮೃದು ಮಾತು. ಚಹಾದ ಜೊತೆ ಬಿಸ್ಕತ್ತಿನ ತಟ್ಟೆಯನ್ನು ತಾನೇ ಅವಳ ಮುಂದೆ ಸರಿಸಿದ.

"ಮೇಡಂ, ನಿಮ್ಮ ಕೋಷ್ಟಕದ ತುದೀಲಿರೋ ಮಹಾನುಭಾವರು..."

"ಹೆಸರು ಹೇಳಲ್ಲ ಸರ್. ಅದು ನಮ್ಮ ನಿಯಮ."

"ಹೆಸರು ಯಾರು ಕೇಳಿದ್ರು? ಹಾಜರಿ ಎಲ್ಲಾ ನಮ್ಮಲ್ಲೇ ಇದೆಯಲ್ಲ. ನೀವು ದಾರಿ ತೋರಿಸಿದ್ರಿ, ನಮ್ಮವರು ಒಂದು ಮಧ್ಯಾಹ್ನದಲ್ಲಿ ಕೂಡಿಸಿ ತೆಗೆದುಬಿಟ್ರು." ಅವನು ನಕ್ಕ. "ನಾನು ಕೇಳೋದು ಇಷ್ಟೇ. ಈ ವಿಧಾನ ಸರಿ ಇದೆ ತಾನೇ? ಸುಮ್ಮನೆ ಒಬ್ಬರ ತಲೆ ಮೇಲೆ ಗೂಬೆ ಕೂರಿಸಬಾರದು ನೋಡಿ."

ಎಚ್ಚರವಾಗಬೇಕಾದ ಜಾಗ ಅದೇ. ಆದರೆ ನಿನ್ನ ಕೆಲಸ ಸರಿಯಿದೆಯೇ ಎಂದು ಕೇಳಿದರೆ ಬಡಗಿಗೂ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಇವಳು ಹತ್ತಾರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳು.

"ಹಿಂದಿನ ಸದನಗಳದ್ದೂ ತೆಗೆದು ನೋಡಿದ್ದೀನಿ ಸರ್. ಈ ಗೆರೆ ದಾಟಿದವರು ಹೆಚ್ಚೂಕಡಿಮೆ ಎಲ್ಲರೂ ಮುಂದಿನ ಚುನಾವಣೆಯೊಳಗೆ ಪಕ್ಷ ಬಿಟ್ಟಿದ್ದಾರೆ."

"ತಲೆನೋವು, ಹೊಟ್ಟೆನೋವು ಅಂತ ಎದ್ದು ಹೋಗಿರಬಹುದಲ್ಲ?"

"ಯಾವ ಮಸೂದೆಗೆ ಜಗಳ ಇದೆ ಅಂತ ಹೊಟ್ಟೆನೋವಿಗೆ ಗೊತ್ತಿರುತ್ತಾ ಸರ್? ಬಾಯಿಮಾತಿನ ಮತ ಇದ್ದಾಗ ಇವರು ಕೂತೇ ಇರ್ತಾರೆ. ವಿರೋಧದವರು ಎಣಿಸಿ ಅಂತ ಹಟ ಹಿಡಿದಾಗ ಮಾತ್ರ ಮಾಯ. ಇದು ಆಕಸ್ಮಿಕ ಅಲ್ಲವೇ ಅಲ್ಲ."

"ಅಷ್ಟು ಖಚಿತವಾಗಿ ಹೇಳ್ತೀರಾ?"

"ಹೇಳ್ತೀನಿ," ಎಂದಳು ಲೆಕ್ಕದಮ್ಮ.

ಸಚೇತಕ ಬಾಗಿಲ ತನಕ ಬಂದು ಬೀಳ್ಕೊಟ್ಟ. ಮೆಟ್ಟಿಲು ಇಳಿಯುವಾಗ ಅವಳಿಗೆ ಬಾಯಲ್ಲಿ ಚಹಾ ಒಗರೊಗರಾಯಿತು. ಏನೋ ಜಾಸ್ತಿ ಮಾತಾಡಿದೆನೇನೋ ಅನ್ನಿಸಿತು. ಹೆಸರಂತೂ ಹೇಳಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ವಾರ ಕಳೆಯುವುದರೊಳಗೆ ಸಾರಿಗೆ ಸಮಿತಿಯ ಅಧ್ಯಕ್ಷಗಿರಿ ಕಂಡಕ್ಟರ್ ಕೈಯಿಂದ ಹೋಯಿತು. ಸದನದಲ್ಲಿ ಅವರು ಕೂರುತ್ತಿದ್ದ ಬಾಗಿಲ ಪಕ್ಕದ ಜಾಗವೂ ಹೋಯಿತು. ಸಚೇತಕನ ಬೆನ್ನ ಹಿಂದಿನ ಸಾಲಿನಲ್ಲಿ ನಟ್ಟನಡುವೆ, ಎಡಕ್ಕೂ ಬಲಕ್ಕೂ ಹೊಸ ಸದಸ್ಯರನ್ನು ಕಾವಲಿಟ್ಟಂತೆ ಇಟ್ಟು, ಅವರನ್ನು ತಂದು ಕೂರಿಸಿದರು. ಮುಂದಿನ ಚುನಾವಣೆಗೆ ಟಿಕೆಟ್ ಇಲ್ಲ ಎಂಬ ಮಾತು ಮೊಗಸಾಲೆಯಲ್ಲೆಲ್ಲ ಹರಡಿತು. ದ್ರೋಹಿ ಎಂಬ ಶಬ್ದವನ್ನು ಮೊದಲು ಯಾರು ಎಂದರೋ ಗೊತ್ತಿಲ್ಲ, ಎಲ್ಲರ ಬಾಯಲ್ಲೂ ಅದೇ.

ಲೆಕ್ಕದಮ್ಮ ಅವರ ಮನೆಗೆ ಓಡಿದಳು.

ಅತ್ತಿಗೆ ಬಾಗಿಲು ತೆರೆದವರು ದಾರಿ ಬಿಡಲಿಲ್ಲ. "ಬಂದ್ಯಾ? ಇನ್ನೇನು ಲೆಕ್ಕ ಉಳಿದಿದೆ? ನಾನು ಎಷ್ಟು ಸಲ ಕೆಮ್ಮಿದೆ ಅಂತ ಬರ್ಕೊಳ್ಳೋಕೆ ಬಂದ್ಯಾ?"

ಒಳಗಿನಿಂದ ಕಂಡಕ್ಟರ್ ದನಿ ಬಂತು. "ಒಳಗೆ ಬಿಡೇ. ಬಾಗಿಲಲ್ಲಿ ನಿಲ್ಲಿಸಬೇಡ."

ಅವರು ಕಿಟಕಿಯ ಪಕ್ಕದ ಗಟ್ಟಿ ಕುರ್ಚಿಯಲ್ಲಿ ಕೂತಿದ್ದರು. ಮೊದಲೆಲ್ಲ ಸೋಫಾದಲ್ಲಿ ಕೂರುತ್ತಿದ್ದವರು. ಅವಳು ಎದುರು ಕೂತು ನೇರವಾಗಿ ಕೇಳಿದಳು, ಜೀವಮಾನದಲ್ಲಿ ಮೊದಲ ಸಲ. "ಅಣ್ಣಾ, ಎಣಿಕೆ ಹೊತ್ತಿಗೆ ನೀವು ಯಾಕೆ ಹೊರಗೆ ಹೋಗ್ತಿದ್ರಿ?"

"ನೋಡ್ತಿರು," ಎಂದು ಅವರು ಎರಡೂ ಕೈಯನ್ನು ಕುರ್ಚಿಯ ತೋಳಿನ ಮೇಲೆ ಊರಿದರು. ಮುಖ ಬಿಗಿಯಾಯಿತು. ಮೈ ಮುಂದಕ್ಕೆ ವಾಲಿತು, ಹಿಂದಕ್ಕೆ ಬಂತು, ಮತ್ತೆ ವಾಲಿತು. ಪಾದಗಳು ನೆಲಕ್ಕೆ ಮೊಳೆ ಹೊಡೆದಂತೆ ಕೂತಲ್ಲೇ ಇದ್ದವು. ಅವಳು ಕೈ ಚಾಚಿದಳು. ಅತ್ತಿಗೆ ಅವಳ ಕೈಯನ್ನು ತಳ್ಳಿದರು. ಬಹಳ ಹೊತ್ತಿನ ಮೇಲೆ ಅವರು ಎದ್ದು ನಿಂತಾಗ ಹಣೆಯಲ್ಲಿ ಬೆವರಿತ್ತು.

"ಎದ್ದ ಮೇಲೆ ತೊಂದರೆ ಇಲ್ಲ. ನಡೀತೀನಿ, ಮೆಟ್ಟಿಲು ಹತ್ತೀನಿ, ನಿಂಗಿಂತ ಚೆನ್ನಾಗಿ. ಏಳೋದೇ ಆಗಲ್ಲ. ನರದ ಕಾಯಿಲೆಯಂತೆ. ತಲೆ ಹೇಳಿದ್ದು ಕಾಲಿಗೆ ಕೇಳಿಸೋದು ತಡವಂತೆ, ನಮ್ಮ ಸರ್ಕಾರದ ಹಾಗೆ." ಅವರು ತಾವೇ ನಕ್ಕರು. "ಬಾಯಿಮಾತಿನ ಮತಕ್ಕೆ ಕೂತಲ್ಲಿಂದಲೇ ಕೂಗಬಹುದು. ಎಣಿಕೆ ಅಂದ್ರೆ ಸಾಲುಸಾಲಾಗಿ ತಟ್ಟನೆ ಎದ್ದು ನಿಲ್ಲಬೇಕು. ಗುಮಾಸ್ತ ಪೆನ್ನು ಆಡಿಸಿಕೊಂಡು ಎಣಿಸ್ತಾನೆ, ಸಾಲಿಗೆ ನಾಲ್ಕು ಉಸಿರಿನಷ್ಟು ಹೊತ್ತು. ಕ್ಯಾಮೆರಾ ಬೇರೆ. ಎಲ್ಲರೂ ನಿಂತಿರುವಾಗ ನಾನೊಬ್ಬ ಹೀಗೆ ತೂಗಾಡ್ತಾ ಕೂತ್ರೆ? ಅದಕ್ಕೆ ಗಲಾಟೆ ಶುರುವಾದ ಕೂಡಲೇ ಬಾಗಿಲ ಕಂಬ ಹಿಡ್ಕೊಂಡು ನಿಧಾನಕ್ಕೆ ಎದ್ದು ಹೊರಗೆ ಹೋಗಿಬಿಡ್ತಿದ್ದೆ."

ಜಗಳ ಇರುವ ಮಸೂದೆಗೆ ಮಾತ್ರ ಎಣಿಕೆ, ಎಣಿಕೆಗೆ ಮಾತ್ರ ಏಳಬೇಕು. ಅಷ್ಟು ಅಚ್ಚುಕಟ್ಟಾಗಿ ಅವಳ ಅಳತೆಗೆ ಕೂತಿದ್ದು ಒಬ್ಬ ಮನುಷ್ಯನ ಮೊಣಕಾಲು.

"ಹೇಳಬಹುದಿತ್ತಲ್ಲ ಅಣ್ಣಾ ನನಗೆ."

"ನೀನು ಕೇಳಬಹುದಿತ್ತಲ್ಲ," ಎಂದರು ಅತ್ತಿಗೆ.

"ಸಚೇತಕರಿಗೆ ಈಗಲೇ ಹೋಗಿ ಹೇಳ್ತೀನಿ. ಕಾಯಿಲೆ ಅಂತ ಗೊತ್ತಾದ್ರೆ..."

"ಗೊತ್ತಾದ್ರೆ ಹೂವಿನ ಬುಟ್ಟಿ ಕಳಿಸ್ತಾರೆ, ಟಿಕೆಟ್ ಇನ್ನೊಬ್ಬನಿಗೆ ಕೊಡ್ತಾರೆ." ಕಂಡಕ್ಟರ್ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ನಾನೇ ಎಷ್ಟು ಜನಕ್ಕೆ ಹಾಗೆ ಬುಟ್ಟಿ ತಗೊಂಡು ಹೋಗಿಲ್ಲ? ಒಂದು ಮಾತು ಕೊಡು. ನನ್ನ ಕಾಲಿನ ವಿಷಯ ಈ ಮನೆ ಹೊಸ್ತಿಲು ದಾಟಬಾರದು. ನಿನ್ನ ಲೆಕ್ಕ ತಪ್ಪಿತ್ತು ಅಂತ ಬೇಕಾದ್ರೆ ಹೇಳು. ಅದು ನಿನ್ನದು, ಇದು ನನ್ನದು."

ಅವಳು ಮಾತು ಕೊಟ್ಟಳು. ಹೊರಡುವಾಗ ಅತ್ತಿಗೆ ಗೇಟಿನ ತನಕ ಬಂದರು. ಸಿಟ್ಟು ಇಳಿದಿತ್ತು, ಅದರ ಜಾಗದಲ್ಲಿ ಇದ್ದದ್ದು ನೋಡಲಾಗದಂಥದ್ದು. "ಸದನಕ್ಕೆ ಹೋಗಬೇಕು ಅನ್ನೋದೊಂದೇ ಆಸೆಗೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳ್ತಾರಮ್ಮ. ಅದು ಹೋದ್ರೆ ಅವರನ್ನ ಎಬ್ಬಿಸೋಕೆ ನನ್ನ ಹತ್ರ ಬೇರೆ ಏನೂ ಇಲ್ಲ."

ಸಚೇತಕ ಈ ಸಲವೂ ಬಿಸ್ಕತ್ತಿನ ತಟ್ಟೆ ಸರಿಸಿದ. ತನ್ನ ವಿಧಾನದಲ್ಲಿ ದೋಷವಿದೆ, ಆ ಅಳತೆಯನ್ನು ನಂಬಬೇಡಿ, ತಾನೇ ಬರೆದು ಹಿಂತೆಗೆದುಕೊಳ್ಳುತ್ತೇನೆ ಎಂದು ಲೆಕ್ಕದಮ್ಮ ಒಂದೇ ಉಸಿರಿಗೆ ಹೇಳಿದಳು.

"ಏನು ದೋಷ ಮೇಡಂ?"

"ಹೊರಗೆ ಹೋಗೋದಕ್ಕೆ ಬೇರೆ ಕಾರಣಗಳೂ ಇರ್ತವೆ."

"ಯಾವ ಕಾರಣ?"

"ಅದನ್ನ ಹೇಳೋ ಹಾಗಿಲ್ಲ."

ಅವನು ಅವಳ ಮುಖವನ್ನೇ ನೋಡಿದ, ಕನಿಕರದಿಂದ ಎನ್ನುವ ಹಾಗೆ. "ಆವತ್ತು ಇದೇ ಕುರ್ಚೀಲಿ ಕೂತು ಆಕಸ್ಮಿಕ ಅಲ್ಲವೇ ಅಲ್ಲ ಅಂದ್ರಿ. ಮೊನ್ನೆ ಅವರ ಮನೆಗೆ ಹೋಗಿ ಬಂದ್ರಿ. ಇವತ್ತು ಲೆಕ್ಕವೇ ತಪ್ಪು ಅಂತೀರಿ. ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನು ಅಂದ್ಕೊಳ್ತಿದ್ರಿ? ಒಳ್ಳೆ ಮಾತುಗಾರ ಆತ. ನಿಮ್ಮನ್ನೂ ತನ್ನ ಕಡೆ ಮಾಡ್ಕೊಂಡ. ಇನ್ನು ನಮ್ಮ ಎಷ್ಟು ಜನರನ್ನ ಮಾಡ್ಕೊಂಡಿದ್ದಾನೋ."

ನಿಜ ನಾಲಿಗೆಯ ತುದಿಗೆ ಬಂದಿತ್ತು. ಅವಳು ನುಂಗಿದಳು.

"ಒಂದು ಉಪಕಾರ ಮಾಡ್ತೀನಿ," ಎಂದ ಸಚೇತಕ. "ಭೂಮಿ ಮಸೂದೆ ಬರ್ತಿದೆ. ವಿರೋಧದವರು ಎಣಿಕೆ ಕೇಳೇ ಕೇಳ್ತಾರೆ. ಆತ ಒಳಗಿದ್ದು ಎದ್ದು ನಿಲ್ಲಲಿ. ಎಲ್ಲಾ ಮರೆತುಬಿಡ್ತೀನಿ, ಟಿಕೆಟ್ಟೂ ಕೊಡಿಸ್ತೀನಿ."

ಲೆಕ್ಕದಮ್ಮ ಬಂದು ಹೇಳಿದ್ದನ್ನು ಕೇಳಿ ಕಂಡಕ್ಟರ್ ತಲೆಯಾಡಿಸಿದರು. "ನ್ಯಾಯವಾದ ಮಾತೇ. ಮಾತ್ರೆ ತಗೊಂಡ ಮೇಲೆ ಸ್ವಲ್ಪ ಹೊತ್ತು ಕಾಲು ಮಾತು ಕೇಳತ್ತೆ. ಬೆಳಿಗ್ಗೆ ಚರ್ಚೆ, ಊಟಕ್ಕೆ ಮೊದಲು ಮತ ಅಂತ ಕಾರ್ಯಸೂಚೀಲಿದೆ. ಅದಕ್ಕೆ ಸರಿಯಾಗಿ ನುಂಗ್ತೀನಿ. ಒಂದು ಸಲ ಎದ್ದುಬಿಟ್ರೆ ಸಾಕು."

ಆ ದಿನ ಲೆಕ್ಕದಮ್ಮ ಮೇಲಿನ ಗ್ಯಾಲರಿಯ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಅತ್ತಿಗೆ ಪಕ್ಕದಲ್ಲಿ. ಬೆಳಿಗ್ಗೆ ಕಂಡಕ್ಟರ್ ಲವಲವಿಕೆಯಿಂದ ನಡೆದು ಬಂದಿದ್ದರು. ಕಾವಲಿಗೆ ಕೂತ ಹೊಸ ಸದಸ್ಯರನ್ನು ಏನೋ ಹೇಳಿ ನಗಿಸಿದ್ದೂ ಮೇಲಿನಿಂದ ಕಂಡಿತು. ಮಾತ್ರೆ ಕೆಲಸ ಮಾಡುತ್ತಿತ್ತು.

ಆದರೆ ಚರ್ಚೆಯನ್ನು ಎಳೆಯುವುದು ವಿರೋಧ ಪಕ್ಷದ ಕೈಯಲ್ಲಿರುವ ಒಂದೇ ಆಯುಧ. ಅದರ ಮೇಲೂ ಲೆಕ್ಕದಮ್ಮ ಒಂದು ಅಧ್ಯಾಯ ಬರೆದಿದ್ದಳು. ಒಬ್ಬರಾದ ಮೇಲೆ ಒಬ್ಬರು ಎದ್ದರು. ಒಬ್ಬ ತನ್ನ ಅಜ್ಜನ ಕಾಲದ ಬೇಲಿಯಿಂದ ಕಥೆ ಶುರು ಮಾಡಿದ. ಇನ್ನೊಬ್ಬ ತಿದ್ದುಪಡಿಗಳನ್ನು ಒಂದೊಂದಾಗಿ, ಮಗುವಿಗೆ ತುತ್ತು ಕೊಡುವಂತೆ, ಓದಿದ. ಊಟದ ಹೊತ್ತು ಮೀರಿತು. ಸಭಾಧ್ಯಕ್ಷರು ಊಟಕ್ಕೆ ಬಿಡಲಿಲ್ಲ.

"ಮಾತ್ರೆಯ ಶಕ್ತಿ ಇಳೀತಿದೆ," ಎಂದು ಅತ್ತಿಗೆ ಪಿಸುಗುಟ್ಟಿದರು. "ನೋಡು, ನಡುಗೋದು ಕಾಣಬಾರದು ಅಂತ ಎಡಗೈಯನ್ನ ತೊಡೆ ಕೆಳಗೆ ಇಟ್ಕೊಂಡ್ರು. ಇಳೀತಿದೆ."

ಕಂಡಕ್ಟರ್ ಜೇಬಿಗೆ ಕೈ ಹಾಕಿ ಇನ್ನೊಂದು ಮಾತ್ರೆ ಬಾಯಿಗೆ ಹಾಕಿಕೊಂಡರು. ನೀರಿಗೆ ಸುತ್ತ ನೋಡಿದರು, ಆಮೇಲೆ ಹಾಗೆಯೇ ನುಂಗಿದರು. ಅದು ಹತ್ತಲು ಹೊತ್ತು ಬೇಕು. ಅಷ್ಟರಲ್ಲಿ ಕೊನೆಯ ಭಾಷಣಕಾರನ ಗಂಟಲು ಕಟ್ಟಿಹೋಯಿತು. ಎಣಿಕೆ ಎಣಿಕೆ ಎಂಬ ಕೂಗು ಎದ್ದಿತು. ಗಂಟೆ ಬಾರಿಸಿದರು. ಬಾಗಿಲುಗಳು ಮುಚ್ಚಿದವು.

ಮಸೂದೆಯ ಪರ ಇರುವವರು ಸಾಲಾಗಿ ಏಳಬೇಕು. ಮೊದಲ ಸಾಲು ಎದ್ದಿತು, ಗುಮಾಸ್ತನ ಪೆನ್ನು ಗಾಳಿಯಲ್ಲಿ ಸರಿಯಿತು, ಸಾಲು ಕೂತಿತು. ಎರಡನೆಯದು. ಮೂರನೆಯದು ಏಳುವಾಗ ನಡುವೆ ಒಂದು ಹಲ್ಲು ಬಿದ್ದಂತೆ ಖಾಲಿ ಕಂಡಿತು. ಕಂಡಕ್ಟರ್ ಕೂತೇ ಇದ್ದರು. ಎರಡೂ ಕೈ ಮುಂದಿನ ಮೇಜಿನ ಮೇಲಿದ್ದವು, ಗೆಣ್ಣುಗಳು ಬಿಳಿಚಿದ್ದವು. ಒಂದು ಸಲ ಮೈ ವಾಲಿತು. ಅಷ್ಟೇ. ಆಮೇಲೆ ಅವರು ಪ್ರಯತ್ನ ನಿಲ್ಲಿಸಿ ಬೆನ್ನನ್ನು ನೆಟ್ಟಗೆ ಮಾಡಿಕೊಂಡರು. ತೂಗಾಡುವುದನ್ನು ಯಾರೂ ನೋಡಬಾರದು ಎಂದು ಅವರು ನಿಶ್ಚಯಿಸಿದ್ದು ಮೇಲಿದ್ದ ಇಬ್ಬರು ಹೆಂಗಸರಿಗೆ ಮಾತ್ರ ಅರ್ಥವಾಯಿತು.

ಸಭಾಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ಮಾನ್ಯ ಸದಸ್ಯರು ಏಳಲಿಲ್ಲ."

"ಇಲ್ಲ ಸ್ವಾಮಿ," ಎಂದರು ಕಂಡಕ್ಟರ್. ದನಿ ಗಟ್ಟಿಯಾಗಿತ್ತು.

"ಇದರ ಪರಿಣಾಮ ತಮಗೆ ಗೊತ್ತಿದೆ ತಾನೇ?"

"ಈ ಸದನದಲ್ಲಿ ಕೂದಲು ನೆರೆಸ್ಕೊಂಡಿದ್ದೀನಿ ಸ್ವಾಮಿ. ಗೊತ್ತಿದೆ. ಹೇಗೆ ಕಂಡಿತೋ ಹಾಗೇ ಬರ್ಕೊಳ್ಳಿ."

ವಿರೋಧ ಪಕ್ಷದವರು ಮೇಜು ಗುದ್ದಿ ಕುಣಿದರು. ಆಳುವ ಕಡೆಯಿಂದ ದ್ರೋಹಿ, ಮನೆಮುರುಕ, ಇಷ್ಟು ದಿನ ಅನ್ನ ತಿಂದವನು ಎಂದೆಲ್ಲ ಬೈಗುಳ ಸುರಿದವು. ಸಚೇತಕ ತಿರುಗಿ ನೋಡಲೂ ಇಲ್ಲ. ತಲೆ ಎತ್ತಿ ಗ್ಯಾಲರಿಯಲ್ಲಿ ಹುಡುಕಿ, ಲೆಕ್ಕದಮ್ಮ ಕಂಡ ಮೇಲೆ, ಸಣ್ಣಗೆ ತಲೆ ಬಾಗಿಸಿದ. ನಿನ್ನ ಮೊದಲಿನ ಲೆಕ್ಕವೇ ಗೆದ್ದಿತು ಎಂಬಂತೆ.

ಮಸೂದೆ ಹೇಗೂ ಪಾಸಾಯಿತು. ಅವರ ಒಂದು ಮತದಿಂದ ಏನೂ ಆಗಬೇಕಾಗಿರಲಿಲ್ಲ.

ಸದನವನ್ನು ಮುಂದೂಡಿದರು, ಸದಸ್ಯರೆಲ್ಲ ಹೊರಬಿದ್ದರು, ಕಂಡಕ್ಟರ್ ಮಾತ್ರ ಕಾಗದ ಓದುವವರಂತೆ ತಲೆ ಬಗ್ಗಿಸಿ ಕೂತಿದ್ದರು. ಹೊರಗೆ ಪತ್ರಕರ್ತರ ಹಿಂಡು ಬಾಗಿಲಿಗೆ ಮುತ್ತಿತ್ತು. ಸಭಾಂಗಣ ಖಾಲಿಯಾದ ಕೂಡಲೇ ಅವರನ್ನು ಒಳಗೆ ಬಿಡುವುದು ಅಲ್ಲಿಯ ರೂಢಿ. ಬಿಟ್ಟರೆ ಮೊದಲು ಕಾಣುವುದೇ ಖಾಲಿ ಬೆಂಚುಗಳ ನಡುವೆ ಮೇಜು ಹಿಡಿದು ತೂಗಾಡುತ್ತಿರುವ ಮುದುಕ.

"ಪಕ್ಕದ ಬಾಗಿಲಿಂದ ಇಳಿದು ಅಣ್ಣನ ಹತ್ರ ಹೋಗಿ ಅತ್ತಿಗೆ," ಎಂದಳು ಲೆಕ್ಕದಮ್ಮ. "ಈ ಕಡೆ ನಾನು ನೋಡ್ಕೊಳ್ತೀನಿ."

ಮೆಟ್ಟಿಲನ್ನು ಎರಡೆರಡಾಗಿ ಇಳಿದು ಅವಳು ದೊಡ್ಡ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಪತ್ರಕರ್ತರಲ್ಲಿ ಅವಳ ಪರಿಚಯ ಇದ್ದವರಿದ್ದರು. "ಮೇಡಂ, ನಿಮ್ಮ ಲೇಖನದಲ್ಲಿ ಹೇಳಿದ್ದು ಇದೇ ಅಲ್ವಾ? ಇದು ಬಂಡಾಯವೇ ತಾನೇ?"

"ಬಂಡಾಯವೇ," ಎಂದಳು ಅವಳು, ಕಣ್ಣು ಮಿಟುಕಿಸದೆ. "ಬೇಕಂತಲೇ ಏಳಲಿಲ್ಲ. ಬಹಳ ದಿನದಿಂದ ಒಳಗೇ ಕುದೀತಿದ್ದದ್ದು." ಭೂಮಿ ಮಸೂದೆಗೂ ಅವರ ಕ್ಷೇತ್ರಕ್ಕೂ ಇಲ್ಲದ ಸಂಬಂಧವನ್ನು ನಿಂತಲ್ಲೇ ಹೆಣೆದಳು. ಸದನದಲ್ಲಿ ಮೌನ ಹೇಗೆ ಮತವಾಗುತ್ತದೆ ಎಂದು ಪಾಠ ಹೇಳಿದಳು. ಇಷ್ಟು ವರ್ಷ ಒಂದು ವಾಕ್ಯಕ್ಕೆ ಹತ್ತು ಆಧಾರ ಕೇಳುತ್ತಿದ್ದವಳಿಗೆ ಸುಳ್ಳು ನೀರು ಕುಡಿದಷ್ಟು ಸಲೀಸಾಗಿ ಬಂತು.

ಆದರೆ ಪತ್ರಕರ್ತರಿಗೆ ಪಾಠ ಬೇಕಿರಲಿಲ್ಲ. "ಆಯ್ತು ಮೇಡಂ, ನಿಮ್ಮ ಕೋಷ್ಟಕದಲ್ಲಿ ಮುಂದಿನವರು ಯಾರು? ಅದು ಹೇಳಿ."

"ಅದು ಹೇಳೋ ಹಾಗಿಲ್ಲ."

"ಹಾಗಾದ್ರೆ ದಾರಿ ಬಿಡಿ, ಅವರನ್ನೇ ಕೇಳ್ತೀವಿ."

ಬಾಗಿಲ ಕಾವಲಿನವನು ಹಿಡಿಗೆ ಕೈ ಹಾಕಿದ. ಒಳಗಿನಿಂದ ಮೇಜು ಕಿರುಗುಟ್ಟಿದ ಸದ್ದು ಅವಳ ಬೆನ್ನಿಗೆ ಕೇಳಿಸಿತು. ಇನ್ನೂ ಎದ್ದಿಲ್ಲ.

"ಮುಂದಿನವರು ಯಾರು ಅನ್ನೋದಕ್ಕಿಂತ ದೊಡ್ಡದು ಬೇಕಾ?" ಎಂದಳು. "ಈ ಕೋಷ್ಟಕ ಸಚೇತಕರ ಮೇಜಿನ ಮೇಲಿದೆ. ನನ್ನನ್ನ ಕರೆಸಿ ಕೂರಿಸಿ, ಇದನ್ನ ಹಿಡ್ಕೊಂಡು ಯಾರನ್ನ ಕತ್ತರಿಸಬೇಕು ಅಂತ ವಿಚಾರಿಸಿದ್ರು. ನಾನು ಹೇಳಿದೆ. ಬರ್ಕೊಳ್ಳಿ, ನಾನು ಹೇಳಿದೆ."

ಫೋನುಗಳೆಲ್ಲ ಒಟ್ಟಿಗೆ ಮೇಲೆದ್ದವು. ಪ್ರಶ್ನೆಗಳ ಮಳೆಯೇ ಸುರಿಯಿತು. ಯಾವಾಗ, ಎಲ್ಲಿ, ಬೇರೆ ಯಾರ್ಯಾರು ಇದ್ದರು? ಈ ಮಾತಿನ ನಂತರ ಯಾವ ಪಕ್ಷದ ಯಾವ ಸದಸ್ಯನೂ ತನಗೆ ಬಾಗಿಲು ತೆರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಅವಸರ ಮಾಡದೆ, ಚಹಾದ ಬಟ್ಟಲಿನ ಬಣ್ಣದಿಂದ ಹಿಡಿದು ಒಂದೊಂದನ್ನೇ ಬಿಡಿಸಿ ಹೇಳತೊಡಗಿದಳು.

ಮೊಗಸಾಲೆಯ ಆ ತುದಿಯಲ್ಲಿ ಪಕ್ಕದ ಬಾಗಿಲು ತೆರೆಯಿತು. ಕಂಡಕ್ಟರ್ ಹೊರಬಂದರು, ತಮ್ಮ ಕಾಲ ಮೇಲೆ, ನೆಟ್ಟಗೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅತ್ತಿಗೆ ಏನೋ ಮನೆಯ ವಿಷಯ ಹೇಳುತ್ತಿರುವವರಂತೆ ತಗುಲಿಕೊಂಡೇ ನಡೆಯುತ್ತಿದ್ದರು. ಪತ್ರಕರ್ತರಲ್ಲಿ ಒಬ್ಬರೂ ಆ ಕಡೆ ತಿರುಗಲಿಲ್ಲ. ಲೆಕ್ಕದಮ್ಮನೂ ಮುಖ ತಿರುಗಿಸದೆ, ಅವರು ಮೆಟ್ಟಿಲು ಇಳಿದು ಮರೆಯಾಗುವ ತನಕ, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು.